ಜೀವವಿಕಾಸದ ಪಾಠಕ್ಕೆ ಆಕ್ಷೇಪ ಬಂದಾಗ: ಮಲೆನಾಡಿನ ಶಿಕ್ಷಕರಿಗೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಪ್ರೌಢಶಾಲೆಯೊಂದಕ್ಕೆ ಪೋಷಕರೊಬ್ಬರು ಬಂದು ‘ಮಕ್ಕಳ ನಂಬಿಕೆ ಕೆಡಿಸಬೇಡಿ ಮೇಷ್ಟ್ರೇ’ ಎಂದರೆ ಮೊದಲು ಅವರನ್ನು ಕೂರಿಸಿ ಪೂರ್ತಿ ಕೇಳಿಸಿಕೊಳ್ಳಿ. ಬಹಳ ಸಲ ಅವರ ಆಕ್ಷೇಪವಿರುವುದು ಪಾಠದ ಮೇಲಲ್ಲ, ಪಾಠದಲ್ಲಿದೆಯೆಂದು ಅವರು ಕೇಳಿದ ಮಾತಿನ ಮೇಲೆ. ಈಗಿನ ಮಂಗನಿಂದ ಮನುಷ್ಯ ಹುಟ್ಟಿದನೆಂದು ವಿಜ್ಞಾನ ಹೇಳುವುದಿಲ್ಲ. ಶರಾವತಿ ಕಣಿವೆಯ ಸಿಂಗಳೀಕಕ್ಕೂ ನಮಗೂ ಸುಮಾರು 2.5ರಿಂದ 3 ಕೋಟಿ ವರ್ಷಗಳ ಹಿಂದೆ ಸಮಾನ ಪೂರ್ವಜರಿದ್ದರು ಎಂಬುದನ್ನು ವಂಶವೃಕ್ಷ ಬರೆದು ತೋರಿಸಿ. ದೇವರಿದ್ದಾನೆಯೇ ಎಂಬುದನ್ನು ತರಗತಿಯಲ್ಲಿ ತೀರ್ಮಾನಿಸಲು ಹೋಗಬೇಡಿ. ಅದು ಜೀವಶಾಸ್ತ್ರದ ಕೆಲಸವಲ್ಲ.

ಜೀವವಿಕಾಸಕ್ಕೆ ಸಾಕ್ಷ್ಯ ಇಲ್ಲಿಯೇ ಹೇರಳವಾಗಿದೆ. ಪಶ್ಚಿಮಘಟ್ಟದ ಪೊದೆಗಪ್ಪೆಗಳ ಮೊಟ್ಟೆಯಿಂದ ಗೊದಮೊಟ್ಟೆಯ ಬದಲು ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಕೆರೆಯಿಲ್ಲದ ಕಡೆಯೂ ಸಂತಾನ ಬೆಳೆಸುವ ಈ ಗುಣ ಹೇಗೆ ಉಳಿದುಬಂದಿರಬಹುದೆಂದು ಮಕ್ಕಳನ್ನೇ ಕೇಳಿ, ಅಲ್ಲಿಂದ ನೈಸರ್ಗಿಕ ಆಯ್ಕೆಗೆ, ಅಂದರೆ ಪರಿಸರಕ್ಕೆ ಹೊಂದುವ ಗುಣವುಳ್ಳ ಜೀವಿಗಳೇ ಹೆಚ್ಚು ಉಳಿದು ಆ ಗುಣ ಮುಂದಿನ ಪೀಳಿಗೆಗೆ ಹರಡುವ ವಿಚಾರಕ್ಕೆ ಬನ್ನಿ.

ಒತ್ತಡ ರಾಜಕೀಯದ್ದಾದರೆ ಚರಿತ್ರೆ ತಿಳಿದಿರಬೇಕು. 1925ರಲ್ಲಿ ಅಮೆರಿಕದ ಟೆನೆಸ್ಸೀಯಲ್ಲಿ ಇದೇ ಪಾಠಕ್ಕಾಗಿ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರಿಗೆ 100 ಡಾಲರ್ ದಂಡ ವಿಧಿಸಲಾಯಿತು. ಇಂಥ ನಿಷೇಧ ಅಸಾಂವಿಧಾನಿಕವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1968ರಲ್ಲಿ. ನಮ್ಮಲ್ಲಿ 2018ರಲ್ಲಿ ಕೇಂದ್ರ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತ ತಪ್ಪೆಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ವಿರೋಧಿಸಿದವು. 2023ರ ಹೊತ್ತಿಗೆ ರಾಷ್ಟ್ರಮಟ್ಟದಲ್ಲಿ ಪಠ್ಯಪುಸ್ತಕ ರೂಪಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟದ್ದು ಮಕ್ಕಳಿಗಾದ ಅನ್ಯಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮುಂದೆ ಬಹಳ ಮಂದಿ ಜೀವಶಾಸ್ತ್ರ ಓದುವುದೇ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾತು ಬಿಸಿಯಾದರೆ, ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು ಪ್ರತಿ ನಾಗರಿಕರ ಕರ್ತವ್ಯವೆನ್ನುವ ಸಂವಿಧಾನದ 51ಎ(ಎಚ್) ವಿಧಿಯನ್ನು ಓದಿ ಹೇಳಿ, ಆಕ್ಷೇಪವನ್ನು ಬರವಣಿಗೆಯಲ್ಲಿ ಪಡೆದು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ.