ಹೊಸ ಕೊಳದ ನೀರು ಹಸಿರಾಯ್ತಾ? ಖಾಲಿ ಮಾಡಬೇಡಿ

ಅಂಗಳದ ಪುಟ್ಟ ಕೊಳಕ್ಕೆ ನೀರು ತುಂಬಿಸಿದ ಮೊದಲ ವಾರ ತಳದ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ನೀರು ಹಸಿರಾಗಿ, ಕೈ ಮುಳುಗಿಸಿದರೆ ಬೆರಳೇ ಕಾಣುವುದಿಲ್ಲ. ಆಗ ಮೋಟಾರ್ ಹಚ್ಚಿ ನೀರೆಲ್ಲ ಹೊರಹಾಕಿ, ಗೋಡೆ ಉಜ್ಜಿ, ಮತ್ತೆ ತುಂಬಿಸುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಹಸಿರು. ದಾವಣಗೆರೆ, ಚಿತ್ರದುರ್ಗದಂಥ ಕಡೆ ಇಷ್ಟು ನೀರು ಸುಮ್ನೆ ಚರಂಡಿಗೆ ಹೋಗುವುದು ನೋಡಿದರೆ ಸಂಕಟವಾಗುತ್ತದೆ. ಅದರ ಅಗತ್ಯವೂ ಇಲ್ಲ.

ಆ ಹಸಿರು ಕೊಳೆಯಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದಕ್ಕೆ ಬೇಕಾದದ್ದು ಬಿಸಿಲು ಮತ್ತು ನೀರಿನಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್‌ನಂಥ ಸಾರ. ಹೊಸ ಕೊಳದಲ್ಲಿ ಎರಡೂ ಧಾರಾಳ. ಆ ಸಾರ ಹೀರುವ ಗಿಡಗಳು ಮಾತ್ರ ಇನ್ನೂ ಬೇರುಬಿಟ್ಟಿರುವುದಿಲ್ಲ. ನೀರು ಬದಲಿಸಿದಾಗ ಹೊಸ ನೀರಿನ ಜೊತೆ ಹೊಸ ಸಾರ ಬರಬಹುದು. ಗೋಡೆ ಉಜ್ಜಿದಾಗ ಅಲ್ಲಿ ಅಂಟಿಕೊಂಡಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ. ಅಂದರೆ ಎಲ್ಲ ಮೊದಲಿನಿಂದ ಶುರು.

ತುಂಬಿಸುವ ಮೊದಲು

ಜಾಗ ನೋಡಿಕೊಳ್ಳಿ. ನೈದಿಲೆ ಹೂ ಬಿಡಲು ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಆದರೆ ಮಧ್ಯಾಹ್ನದ ಮೇಲಿನ ಬಿಸಿಲು ಗೋಡೆಯ ನೆರಳಿಗೆ ತಪ್ಪಿದರೆ ಒಳ್ಳೆಯದು. ಹುಣಸೆ, ಬೇವು, ಹೊಂಗೆ ಮರದ ಕೆಳಗೆ ಬೇಡ. ಬಿದ್ದ ಎಲೆ ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ಆಳ ಎರಡು ಅಡಿಗಿಂತ ಕಡಿಮೆ ಇರಬಾರದು. ಆಳ ಕಡಿಮೆಯಾದಷ್ಟೂ ನೀರು ಬೇಗ ಕಾಯುತ್ತದೆ.

ಸಿಮೆಂಟ್ ಕೊಳವಾದರೆ ಒಂದು ಎಚ್ಚರಿಕೆ. ಹೊಸ ಸಿಮೆಂಟ್‌ನಿಂದ ಸುಣ್ಣದ ಅಂಶ ನೀರಿಗೆ ಇಳಿದು ಕ್ಷಾರ ಏರುತ್ತದೆ, ಮೀನು ಬದುಕುವುದಿಲ್ಲ. ನೀರು ತುಂಬಿಸಿ ಒಂದು ವಾರ ಬಿಟ್ಟು ಹೊರಹಾಕಿ. ಹೀಗೆ ಮೂರ್ನಾಲ್ಕು ಸಲ ಮಾಡಿ. ಕೊಳ ಖಾಲಿ ಮಾಡುವುದಕ್ಕೆ ನಾನು ಒಪ್ಪುವ ಸಂದರ್ಭ ಇದೊಂದೇ. ಆಮೇಲೂ ನೀರಿನ ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಪಟ್ಟಿಯಿಂದ ನೋಡಿ, 8.5ರ ಒಳಗೆ ಬಂದ ಮೇಲೆ ಮುಂದಿನ ಕೆಲಸ. ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಹಾಸಿದರೆ ಈ ತಲೆನೋವು ಇಲ್ಲ.

ಯಾವ ನೀರು?

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ತುಂಬಿಸಿ ಎರಡು ದಿನ ಬಿಸಿಲಿಗೆ ಬಿಟ್ಟರೆ ಬಹುಮಟ್ಟಿಗೆ ಆರಿಹೋಗುತ್ತದೆ. ಬೋರ್‌ವೆಲ್ ನೀರು ನಮ್ಮ ಕಡೆ ಹೆಚ್ಚಾಗಿ ಗಡಸು. ಅದರಲ್ಲಿ ಆಮ್ಲಜನಕವೂ ಕಡಿಮೆ. ಪೈಪನ್ನು ಎತ್ತರದಲ್ಲಿ ಹಿಡಿದು ನೀರು ಚಿಮ್ಮುವಂತೆ ಬಿಡಿ.

ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಾದ ಮಳೆ ನೀರು ಕೆಳಗಿನ ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಮನೆಯಲ್ಲೂ ಹೀಗೇ ಮಾಡಬಹುದು. ಚಾವಣಿ ನೀರನ್ನು ನೇರ ಕೊಳಕ್ಕೆ ಬಿಡದೆ ಮೊದಲು ಡ್ರಮ್ಮಿಗೆ ಬಿಡಿ. ಮಣ್ಣು ಅಲ್ಲೇ ಕೂರಲಿ, ಮೇಲಿನ ತಿಳಿ ನೀರು ಮಾತ್ರ ಕೊಳಕ್ಕೆ ಹರಿಯಲಿ. ಹಾಗಾಗಿ ಏಪ್ರಿಲ್ ಬಿಸಿಲಿಗಿಂತ ಜೂನ್ ಮಳೆ ಹಿಡಿದ ಮೇಲೆ ಕೊಳ ಶುರು ಮಾಡುವುದು ಸುಲಭ.

ಗಿಡ ಮೊದಲು, ಮೀನು ಆಮೇಲೆ

ನೀರು ತುಂಬಿದ ವಾರದಲ್ಲೇ ಗಿಡ ಇಡಿ. ನೈದಿಲೆಯನ್ನು ಬುಟ್ಟಿಯಲ್ಲಿ ಜಿಗುಟು ಮಣ್ಣಿಗೆ ನೆಟ್ಟು, ಮೇಲೆ ಜಲ್ಲಿ ಹರಡಿ. ಸಗಣಿ ಗೊಬ್ಬರ ಖಂಡಿತ ಬೇಡ, ಅದು ನೇರ ಪಾಚಿಯ ಹೊಟ್ಟೆಗೆ ಹೋಗುತ್ತದೆ. ಅಂಚಿನಲ್ಲಿ ಬಜೆ, ನೀರೊಳಗೆ ಹೈಡ್ರಿಲ್ಲಾ, ಮೇಲೆ ತೇಲಲು ಒಂದಿಷ್ಟು ಅಂತರಗಂಗೆ. ನೀರಿನ ಮೇಲ್ಭಾಗ ಅರ್ಧಕ್ಕಿಂತ ತುಸು ಹೆಚ್ಚು ಎಲೆಯಿಂದ ಮುಚ್ಚಿದರೆ ಪಾಚಿಗೆ ಬಿಸಿಲೂ ಸಾರವೂ ಎರಡೂ ಕಡಿಮೆಯಾಗುತ್ತವೆ.

ಮೀನಿಗೆ ಆತುರ ಬೇಡ. ಮೀನಿನ ಹಿಕ್ಕೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ಗಿಡ ಹೀರುತ್ತದೆ. ಈ ಬ್ಯಾಕ್ಟೀರಿಯಾ ಗೋಡೆ, ಕಲ್ಲು, ಬೇರುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಪಿಎಚ್ ಮತ್ತು ಬಿಸಿ ಏರಿದಷ್ಟೂ ಅಮೋನಿಯಾ ಹೆಚ್ಚು ಅಪಾಯಕಾರಿ. ಗಡಸು ನೀರು, ಕಡು ಬೇಸಿಗೆ ಎರಡೂ ಇರುವ ನಮಗೆ ಇದು ಮುಖ್ಯ.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ಕೊಳ ಎಂದರೆ 48 ಘನ ಅಡಿ, ಸುಮಾರು 1,350 ಲೀಟರ್. ಇದಕ್ಕೆ ಮೊದಲು ನಾಲ್ಕೈದು ಪುಟ್ಟ ಗಪ್ಪಿ ಮೀನು ಸಾಕು. ಅವನ್ನು ಎರಡನೇ ವಾರದಲ್ಲೇ ಬಿಡಬಹುದು, ಬಿಡಲೇಬೇಕು ಕೂಡ. ಯಾಕೆಂದರೆ ಬಿಸಿಲ ನಾಡಿನಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. ಗಪ್ಪಿ ಸೊಳ್ಳೆ ಮರಿ ತಿಂದೇ ಬದುಕುತ್ತದೆ, ನೀವು ಆಹಾರ ಹಾಕಬೇಕಿಲ್ಲ. ಗೋಲ್ಡ್ ಫಿಶ್ ಮಾತ್ರ ಎರಡು ತಿಂಗಳು ಕಾಯಲಿ. ಅಕ್ವೇರಿಯಂ ಅಂಗಡಿಯ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ತನ್ನಿ.

ಹಸಿರಾದಾಗ ಏನು ಮಾಡಬೇಕು?

ಮೊದಲು ಗಾಜಿನ ಲೋಟದಲ್ಲಿ ನೀರು ತೆಗೆದು ರಾತ್ರಿಯಿಡೀ ಇಡಿ. ತಳದಲ್ಲಿ ಕಂದು ಪದರ ಕೂತು ಮೇಲೆ ತಿಳಿಯಾದರೆ ಅದು ಮಣ್ಣು, ತಾನಾಗಿ ಇಳಿಯುತ್ತದೆ. ಹಸಿರು ಹಾಗೇ ಇದ್ದರೆ ಪಾಚಿ. ಆಗ ಅಂತರಗಂಗೆ ಇನ್ನಷ್ಟು ಹಾಕಿ, ಮೇಲೆ ಶೇಡ್ ನೆಟ್ ಕಟ್ಟಿ, ಮೀನಿನ ಆಹಾರ ನಿಲ್ಲಿಸಿ. ಎಳೆಎಳೆಯಾಗಿ ಬೆಳೆದ ಪಾಚಿಯನ್ನು ಕೋಲಿಗೆ ಸುತ್ತಿ ತೆಗೆಯಿರಿ.

ಅಡಿಕೆ ತೋಟ ಇರುವವರ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ‘ಒಂದು ಚಿಟಿಕೆ ಹಾಕಿ ಸಾಕು’ ಎನ್ನುವವರೂ ಸಿಗುತ್ತಾರೆ. ದಯವಿಟ್ಟು ಹಾಕಬೇಡಿ. ಪಾಚಿ ಒಮ್ಮೆಲೇ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ತಾಮ್ರದ ವಿಷ ಮೀನಿಗೂ ಬಸವನಹುಳಕ್ಕೂ ತಗಲುತ್ತದೆ.

ದಟ್ಟ ಹಸಿರಿನ ದಿನಗಳಲ್ಲಿ ಬೆಳಗಿನ ಜಾವ ಒಮ್ಮೆ ಕೊಳ ನೋಡಿ. ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ಅದನ್ನೇ ಬಳಸುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಚಿಕ್ಕ ಪಂಪ್ ಹಚ್ಚಿ ನೀರನ್ನು ಕಾರಂಜಿಯಂತೆ ಮೇಲಿಂದ ಬೀಳಿಸಿ, ರಾತ್ರಿಯಿಡೀ ಓಡಲಿ.

ಬೇಸಿಗೆಯಲ್ಲಿ ನೀರು ಆವಿಯಾದರೂ ಅದರಲ್ಲಿದ್ದ ಲವಣ ಕೊಳದಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಒಂದೆರಡು ಬಕೆಟ್ ಹಳೆ ನೀರು ತೆಗೆದು ಗಿಡಗಳಿಗೆ ಹಾಕಿ, ನಂತರ ಹೊಸ ನೀರು ಸ್ವಲ್ಪ ಸ್ವಲ್ಪವೇ ಸೇರಿಸಿ. ಅಂತರಗಂಗೆ ಜಾಸ್ತಿಯಾದಾಗ ಬಾಚಿ ತಿಪ್ಪೆಗೆ ಹಾಕಿ, ಒಳ್ಳೆಯ ಗೊಬ್ಬರವಾಗುತ್ತದೆ. ದಾವಣಗೆರೆಯ ಕುಂದವಾಡ ಕೆರೆಗೋ ಊರ ಹಳ್ಳಕ್ಕೋ ಎಸೆಯಬೇಡಿ, ಅಲ್ಲಿ ಅದು ನೀರೆಲ್ಲ ಮುಚ್ಚಿಬಿಡುತ್ತದೆ.