ಪೆಡಲ್ ಕೊಳ್ಳುವ ಮುನ್ನ ಡ್ರಮ್ಮಿನ ಪಕ್ಕ ನಿಲ್ಲಿ

ಧಾರವಾಡದ ಕಾಲೇಜೊಂದರ ಗ್ಯಾದರಿಂಗ್‌ನಲ್ಲಿ ನನ್ನ ಗಿಟಾರ್ ಯಾರಿಗೂ ಕೇಳಿಸಲಿಲ್ಲ. ಹಿಂದಿನ ರಾತ್ರಿ ಹುಬ್ಬಳ್ಳಿಯ ವಿದ್ಯಾನಗರದ ನನ್ನ ಕೋಣೆಯಲ್ಲಿ ಅದೇ ಗಿಟಾರಿಗೆ ಜೋಡಿಸಿದ ಮೆಟಲ್ ಝೋನ್ ಪೆಡಲ್ (ಕಾಲಲ್ಲಿ ಒತ್ತಿ ಗಿಟಾರಿನ ಸದ್ದನ್ನು ಒರಟಾಗಿಸುವ ಪುಟ್ಟ ಡಬ್ಬಿ) ಕಿಟಕಿಯ ಗಾಜು ನಡುಗಿಸಿತ್ತು. ವೇದಿಕೆಯ ಮೇಲೆ ಡ್ರಮ್ಸ್, ಬೇಸ್ ಸೇರಿದ್ದೇ ತಡ, ನನ್ನ ಪಾಲಿಗೆ ಜೇನ್ನೊಣದ ಗುಂಯ್ಗುಡುವಿಕೆ ಉಳಿಯಿತು. ಕೆಳಗಿಳಿದಾಗ ಕಾಕಾ ಕೇಳಿದರು: "ನೀನು ಬಾರಿಸಿದೆಯೋ, ಸುಮ್ಮನೆ ನಿಂತಿದ್ದೆಯೋ?"

ಪೆಡಲ್ ನಿರಪರಾಧಿ. ಅದರ ಲೋ (ತಗ್ಗು ಸ್ವರ), ಹೈ (ಮೇಲಿನ ಸ್ವರ) ಗುಂಡಿಗಳೆರಡನ್ನೂ ಏರಿಸಿ ಮಿಡ್ (ನಡುವಿನ ಸ್ವರ) ಸೊನ್ನೆಗಿಳಿಸಿದ್ದವನು ನಾನು. ಒಬ್ಬರೇ ನುಡಿಸುವಾಗ ಅದು ಭರ್ಜರಿಯಾಗಿ ಕೇಳುತ್ತದೆ. ತಂಡದಲ್ಲಿ ಕೆಳಗಿನ ಜಾಗ ಬೇಸ್ ಮತ್ತು ಕಿಕ್ ಡ್ರಮ್ಮಿನದು, ಮೇಲಿನದು ಸಿಂಬಲ್‌ನದು. ಗಿಟಾರಿಗೆ ಉಳಿಯುವುದು ನಡುವಿನ ಪಡಸಾಲೆ. 1991ರಲ್ಲಿ ಬಂದ ಈ ಮೆಟಲ್ ಝೋನ್‌ನಲ್ಲಿ ಒಂದರ ಮೇಲೊಂದು ಕುಳಿತ ಜೋಡಿ ಗುಂಡಿಗಳಿವೆ. ಮಿಡ್‌ನ ಜೋಡಿಯಲ್ಲಿ ಒಂದು 200 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಜಾಗ ಹುಡುಕುತ್ತದೆ, ಇನ್ನೊಂದು ಅಲ್ಲಿ ಏರಿಸುತ್ತದೆ ಇಲ್ಲವೇ ಇಳಿಸುತ್ತದೆ. ಈಗ ನಾನು ಸುಮಾರು 800 ಹರ್ಟ್ಸ್ ಆಸುಪಾಸಿನಲ್ಲಿ ತುಸು ಏರಿಸುತ್ತೇನೆ. ಕೋಣೆಯಲ್ಲಿ ಮೂಗಿನಿಂದ ಹಾಡಿದಂತೆ ಕೇಳುತ್ತದೆ, ವೇದಿಕೆಯಲ್ಲಿ ಸರಿಯಾಗಿ ಕೂರುತ್ತದೆ.

ಇನ್ನು ಡಿಸ್ಟಾರ್ಷನ್, ಅಂದರೆ ಸದ್ದಿನ ಒರಟುತನ, ಎಷ್ಟು? ತಂಬೂರಿ ಶ್ರುತಿ ಮಾಡುವುದನ್ನು ನೋಡಿದ ಧಾರವಾಡದವರಿಗೆ ಹೇಳುವುದು ಸುಲಭ. ತಂತಿಗಳು ಹಾದುಹೋಗುವ ಕುದುರೆಯೆಂಬ ಪಟ್ಟಿಯ ಮೇಲೆ ತಂತಿಯಡಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಸಪ್ಪೆ ನಾದ ಝೇಂಕರಿಸಿ ಮೇಲ್ಸ್ವರಗಳು ಅರಳುತ್ತವೆ. ತುಸು ಹೆಚ್ಚು ಸರಿದರೆ ಕೆಟ್ಟಿತು. ಪೆಡಲ್ಲೂ ಹಾಗೆಯೇ, ಗಿಟಾರಿನಿಂದ ಬರುವ ವಿದ್ಯುತ್ ಅಲೆಯ ತಲೆ ಕತ್ತರಿಸಿ ಮೇಲ್ಸ್ವರ ಹುಟ್ಟಿಸುತ್ತದೆ. ಅತಿಯಾದರೆ ಹೊಡೆತದ ಮೊನೆಯೇ ಸವೆದುಹೋಗುತ್ತದೆ. ನಿಮಗೆ ಬೇಕೆನಿಸಿದ್ದಕ್ಕಿಂತ ಕಾಲು ಸುತ್ತು ಕಡಿಮೆ ಇಡಿ.

ಯಾವ ಪೆಡಲ್ ಎನ್ನುವುದನ್ನು ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ನಿರ್ಧರಿಸಲಿ. ಮನೆಯ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ ಆದರೆ ಪೂರ್ತಿ ಡಿಸ್ಟಾರ್ಷನ್ ಪೆಡಲೇ ಬೇಕು: ಮೆಟಲ್ ಝೋನ್, ರ‍್ಯಾಟ್, ಅಥವಾ ಬಾಸ್ ಕಂಪನಿಯ ಎಚ್‌ಎಂ-2. ಈ ಕೊನೆಯದು 1983ರದು. ಎಂಟೂಂಬ್ಡ್‌ನಂಥ ಸ್ವೀಡನ್ನಿನ ಡೆತ್ ಮೆಟಲ್ ತಂಡಗಳು ಇದರ ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಗರಗಸದಂಥ ಸದ್ದು ತೆಗೆದವು. ಅದು ಹಿಡಿಸದವರಿಗೆ ಜನ್ಮದಲ್ಲಿ ಹಿಡಿಸುವುದಿಲ್ಲ. ನನಗೆ ಹಿಡಿಸುತ್ತದೆ. ತಾನೇ ಸದ್ದನ್ನು ಒರಟಾಗಿಸಬಲ್ಲ ವಾಲ್ವ್ ಆಂಪ್ ಇದ್ದರೆ ಟ್ಯೂಬ್ ಸ್ಕ್ರೀಮರ್ ಎಂಬ ಹದವಾದ ಪೆಡಲ್ ಸಾಕು. ಅದರ ಡ್ರೈವ್ (ಒರಟುತನದ ಗುಂಡಿ) ಬಹುತೇಕ ಸೊನ್ನೆ, ಲೆವೆಲ್ (ಸದ್ದಿನ ಗುಂಡಿ) ಮೇಲೆ. ಅದು ಕೆಳಗಿನ ಗಲೀಜನ್ನು ಸೋಸಿ ಹೊಡೆತವನ್ನು ಬಿಗಿ ಮಾಡುತ್ತದೆ.

ಅಂಗಡಿಗೆ ನಿಮ್ಮದೇ ಗಿಟಾರ್ ಒಯ್ಯಿರಿ. ಅಲ್ಲಿಯ ದುಬಾರಿ ಗಿಟಾರಿನಲ್ಲಿ ಎಲ್ಲವೂ ಚೆನ್ನ. ಆರನೆಯ ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ವೇಗವಾಗಿ ಬಾರಿಸಿ. ಪ್ರತಿ ಹೊಡೆತವೂ ಬೇರೆಬೇರೆಯಾಗಿ ಕೇಳಬೇಕು. ಆಮೇಲೆ ತಂತಿಗಳನ್ನೆಲ್ಲ ಹಿಡಿದು ಸುಮ್ಮನಿರಿ, ಸುರ್ರೆನ್ನುವ ಸದ್ದು ಎಷ್ಟೆಂದು ಕೇಳಿ. ಹಳೆಯ ಪೆಡಲ್ ಆದರೆ ಗುಂಡಿ ತಿರುಗಿಸುವಾಗ ಕರಕರ ಎನ್ನುತ್ತದೆಯೇ, ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬಿದೆಯೇ ನೋಡಿ.

ಅಡಾಪ್ಟರ್ 9 ವೋಲ್ಟಿನದೇ, ಪಿನ್ನಿನ ನಡುಭಾಗ ಋಣವೇ ಎಂದು ಪೆಡಲಿನ ಮೇಲಿನ ಗುರುತಿನೊಡನೆ ಹೋಲಿಸಿ. ಬ್ಯಾಟರಿಯಲ್ಲಿ ನುಡಿಸುವವರು ಕೆಲಸ ಮುಗಿದೊಡನೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಅದು ಸಿಕ್ಕಿಕೊಂಡಿದ್ದರೆ ದೀಪ ಆರಿದ್ದರೂ ಬ್ಯಾಟರಿ ಬರಿದಾಗುತ್ತಲೇ ಇರುತ್ತದೆ.