ಬ್ರಿಟನ್ ಕ್ಯಾಂಪಸ್ಸಿನ ಅಮೆರಿಕನ್ ಫುಟ್‌ಬಾಲ್: ಓದಲು ಹೋಗುವ ನಮ್ಮ ಮಕ್ಕಳಿಗೆ ಒಂದು ಕೈಪಿಡಿ

ಸೆಪ್ಟೆಂಬರ್ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್, ಲೀಡ್ಸ್, ಕಾರ್ಡಿಫ್, ಗ್ಲಾಸ್ಗೋ ಹೀಗೆ ಯಾವ ಊರಿಗೆ ಎಂಎಸ್ಸಿ ಓದಲು ಹೋದರೂ ಮೊದಲ ವಾರದಲ್ಲೇ ಫ್ರೆಶರ್ಸ್ ಫೇರ್ ಎದುರಾಗುತ್ತದೆ. ಕ್ಲಬ್ಬುಗಳೆಲ್ಲ ಸಾಲಾಗಿ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿರುತ್ತವೆ. ನಮ್ಮವರು ಇಂಡಿಯನ್ ಸೊಸೈಟಿ, ಕ್ರಿಕೆಟ್, ಬ್ಯಾಡ್ಮಿಂಟನ್ ಇಷ್ಟಕ್ಕೆ ಹೆಸರು ಕೊಟ್ಟು ಹೊರಟುಬಿಡುತ್ತಾರೆ. ಹೆಲ್ಮೆಟ್, ಭುಜದ ಪ್ಯಾಡು ಜೋಡಿಸಿಟ್ಟ ಅಮೆರಿಕನ್ ಫುಟ್‌ಬಾಲ್ ಮೇಜಿನ ಹತ್ತಿರ ನಿಲ್ಲುವವರು ಕಡಿಮೆ. ಟಿವಿಯಲ್ಲೂ ಸರಿಯಾಗಿ ನೋಡಿರದ ಆಟ, ಅದನ್ನು ಆಡುವವರು ಆನೆಯಂಥ ಆಳುಗಳು, ನಮಗೇಕೆ ಅದರ ಸಹವಾಸ ಅನ್ನಿಸುವುದು ಸಹಜ.

ಆದರೂ ಆ ಮೇಜಿನ ಹತ್ತಿರ ಹೋಗಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ರಗ್ಬಿ, ಹಾಕಿ, ಕ್ರಿಕೆಟ್ ತಂಡಗಳಲ್ಲಿ ಶಾಲೆಯಿಂದಲೇ ಆಡಿ ಪಳಗಿದವರು ತುಂಬಿರುತ್ತಾರೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹೊಸದಾಗಿ ಕಲಿಯುತ್ತೇನೆ ಎಂದು ಹೋದರೆ ಮೊದಲ ತಂಡದಲ್ಲಿ ಜಾಗ ಸಿಗುವುದು ಕಷ್ಟ. ಅಮೆರಿಕನ್ ಫುಟ್‌ಬಾಲ್ ಹಾಗಲ್ಲ. ಅಲ್ಲಿನ ಬಹುಪಾಲು ಬ್ರಿಟಿಷ್ ಹುಡುಗರೂ ಆ ಮೊನಚು ಚೆಂಡನ್ನು ಮೊದಲ ಸಲ ಕೈಯಲ್ಲಿ ಹಿಡಿಯುವುದು ವಿಶ್ವವಿದ್ಯಾಲಯಕ್ಕೆ ಬಂದಮೇಲೆಯೇ. ಹಾಸನದಿಂದ ಹೋದವನೂ ಹಲ್ ಊರಿನವನೂ ಅಲ್ಲಿ ಒಟ್ಟಿಗೇ ಅ ಆ ಇ ಈ ಶುರುಮಾಡುತ್ತಾರೆ. ಹೊಸಬರನ್ನು 'ರೂಕಿ' ಎನ್ನುತ್ತಾರೆ. ಪ್ರತಿ ವರ್ಷ ಓದು ಮುಗಿಸಿ ಹೋಗುವವರ ಜಾಗ ತುಂಬಲೇಬೇಕಾದ್ದರಿಂದ ರೂಕಿಗಳಿಲ್ಲದೆ ಯಾವ ತಂಡವೂ ನಡೆಯುವುದಿಲ್ಲ.

ಈ ಆಟ ಅಲ್ಲಿಗೆ ಬಂದ ಬಗೆಯನ್ನು ಸ್ವಲ್ಪ ತಿಳಿದುಕೊಂಡರೆ ಈಗಿನ ವ್ಯವಸ್ಥೆ ಅರ್ಥವಾಗುತ್ತದೆ. 1982ರಲ್ಲಿ ಬ್ರಿಟನ್ನಿನಲ್ಲಿ ಚಾನೆಲ್ 4 ಶುರುವಾಯಿತು. ಹೊಸ ವಾಹಿನಿ ಹೊಸದೇನನ್ನಾದರೂ ತೋರಿಸಬೇಕೆಂದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪಂದ್ಯಗಳನ್ನು ತೋರಿಸತೊಡಗಿತು. ನೋಡಿದ ಹುಡುಗರಿಗೆ ಆಡುವ ಹುಚ್ಚು ಹಿಡಿಯಿತು. ಊರೂರಿನಲ್ಲಿ ತಂಡಗಳು ಹುಟ್ಟಿದವು. 1986ರ ಆಗಸ್ಟ್‌ನಲ್ಲಿ ಶಿಕಾಗೋ ಬೇರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ಲಂಡನ್ನಿನ ವೆಂಬ್ಲಿಯಲ್ಲಿ ಆಡಿದಾಗ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ವಿಶ್ವವಿದ್ಯಾಲಯಗಳ ತಂಡಗಳು ಒಂದು ಲೀಗ್ ಕಟ್ಟಿಕೊಂಡದ್ದು ಅದೇ ಎಂಬತ್ತರ ದಶಕದ ನಡುವಿನಲ್ಲಿ. ಆಮೇಲೆ ಟಿವಿಯ ಭರಾಟೆ ಇಳಿಯಿತು, ಎಷ್ಟೋ ಊರಿನ ತಂಡಗಳು ಮುಚ್ಚಿಹೋದವು. ವಿದ್ಯಾರ್ಥಿಗಳ ಲೀಗ್ ಮಾತ್ರ ಉಳಿದುಕೊಂಡಿತು. ಯಾಕೆಂದರೆ ಕ್ಯಾಂಪಸ್ಸಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಹುಡುಗರು ಬರುತ್ತಲೇ ಇರುತ್ತಾರೆ, ಮೈದಾನವೂ ಅಲ್ಲೇ ಇರುತ್ತದೆ.

ದೊಡ್ಡ ತಿರುವು ಬಂದದ್ದು 2012ರಲ್ಲಿ. ಅದಕ್ಕೂ ಮೊದಲು ಈ ಲೀಗನ್ನು ಆಟದವರೇ ಬೇರೆಯಾಗಿ ನಡೆಸಿಕೊಂಡು ಹೋಗುತ್ತಿದ್ದರು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ನಡುವಿನ ಕ್ರೀಡೆಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ ಬ್ರಿಟಿಷ್ ಯೂನಿವರ್ಸಿಟೀಸ್ ಅಂಡ್ ಕಾಲೇಜಸ್ ಸ್ಪೋರ್ಟ್. ಎಲ್ಲರೂ 'ಬಕ್ಸ್' ಎಂದೇ ಕರೆಯುತ್ತಾರೆ. 2008ರಲ್ಲಿ ಎರಡು ಹಳೆಯ ಸಂಸ್ಥೆಗಳು ಒಂದಾಗಿ ಹುಟ್ಟಿದ್ದು ಇದು. 2012-13ರ ಸಾಲಿನಿಂದ ಅಮೆರಿಕನ್ ಫುಟ್‌ಬಾಲ್ ಕೂಡ ಬಕ್ಸ್ ತೆಕ್ಕೆಗೆ ಬಂತು. ಬಕ್ಸ್‌ನಲ್ಲಿ ಪ್ರತಿ ಆಟದ ಸಾಧನೆಗೂ ಪಾಯಿಂಟ್ ಇರುತ್ತದೆ. ಎಲ್ಲ ಆಟಗಳ ಪಾಯಿಂಟ್ ಕೂಡಿಸಿ ವಿಶ್ವವಿದ್ಯಾಲಯಗಳ ಒಟ್ಟು ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ಮೇಲೆ ಬರಬೇಕೆಂಬ ಹಟ ಅಲ್ಲಿನ ಆಡಳಿತಗಳಿಗೆ ಬಹಳ. ಅಲ್ಲಿಯವರೆಗೆ 'ಏನೋ ಹುಡುಗರ ಹವ್ಯಾಸ' ಎಂದು ನೋಡುತ್ತಿದ್ದ ಕ್ರೀಡಾ ವಿಭಾಗಗಳು ಈ ಆಟದಿಂದಲೂ ಪಾಯಿಂಟ್ ಬರುತ್ತದೆ ಎಂದಾದಮೇಲೆ ಮೈದಾನದ ಸಮಯ, ಜಿಮ್, ಕೆಲವು ಕಡೆ ಸಂಬಳದ ಕೋಚ್ ಕೂಡ ಕೊಡತೊಡಗಿದವು. ಲಂಡನ್ನಿಗೆ ಎನ್‌ಎಫ್‌ಎಲ್ ಪಂದ್ಯ ಬಂದದ್ದರಿಂದ ಈ ಆಟ ಬೆಳೆಯಿತು ಎಂದು ಹಲವರು ಹೇಳುತ್ತಾರೆ. 2007ರಿಂದ ವೆಂಬ್ಲಿಯಲ್ಲಿ, 2019ರಿಂದ ಟಾಟನ್‌ಹ್ಯಾಮ್ ಕ್ರೀಡಾಂಗಣದಲ್ಲಿ ನಡೆಯುವ ಪಂದ್ಯಗಳು ಹುಡುಗರನ್ನು ಸೆಳೆದಿರುವುದು ನಿಜ. ಆದರೆ ಬಂದ ಹುಡುಗರಿಗೆ ಮೈದಾನ ಒದಗಿಸಿದ್ದು ಈ ಪಾಯಿಂಟ್ ಪಟ್ಟಿ ಎಂಬುದು ನನ್ನ ಅಭಿಪ್ರಾಯ.

ಈಗ ಲೀಗ್ ಹಂತಹಂತವಾಗಿದೆ. ಮೇಲೆ ಉತ್ತರ, ದಕ್ಷಿಣ ಎಂದು ಪ್ರೀಮಿಯರ್ ವಿಭಾಗಗಳು, ಕೆಳಗೆ ಪ್ರದೇಶವಾರು ಡಿವಿಷನ್‌ಗಳು. ಗೆದ್ದವರು ಮೇಲೇರುತ್ತಾರೆ, ಸೋತವರು ಇಳಿಯುತ್ತಾರೆ. ಪ್ರತಿ ತಂಡಕ್ಕೂ ಒಂದು ಅಡ್ಡಹೆಸರು ಇರುತ್ತದೆ: ಬರ್ಮಿಂಗ್‌ಹ್ಯಾಮ್ ಲಯನ್ಸ್, ಡರ್ಹಮ್ ಸೇಂಟ್ಸ್, ಹರ್ಟ್‌ಫರ್ಡ್‌ಶೈರ್ ಹರಿಕೇನ್ಸ್, ಸ್ವಾನ್ಸಿ ಟೈಟನ್ಸ್, ಸ್ಟರ್ಲಿಂಗ್ ಕ್ಲಾನ್ಸ್‌ಮೆನ್, ಇಂಪೀರಿಯಲ್ ಇಮ್ಮಾರ್ಟಲ್ಸ್. ಇವರಲ್ಲಿ ಬರ್ಮಿಂಗ್‌ಹ್ಯಾಮ್‌ನವರು ರಾಷ್ಟ್ರೀಯ ಪ್ರಶಸ್ತಿಯನ್ನು ಹಲವು ಸಲ ಗೆದ್ದಿದ್ದಾರೆ. ನೀವು ಸೇರುವುದು ಇಂಥ ದೊಡ್ಡ ತಂಡವಿರುವ ಕಡೆಯಾದರೆ ಆಯ್ಕೆ ಬಿಗಿಯಾಗಿರುತ್ತದೆ. ಕೆಳಗಿನ ಡಿವಿಷನ್ನಿನ ತಂಡವಾದರೆ ಮೊದಲ ವರ್ಷವೇ ಆಡುವ ಅವಕಾಶ ಹೆಚ್ಚು. ಒಂದೇ ವರ್ಷದ ಎಂಎಸ್ಸಿಗೆ ಹೋಗುವವರಿಗೆ ಎರಡನೆಯದೇ ಲಾಭ.

ಸೇರುವುದು ಹೇಗೆ

ಮೊದಲು ದಿನಾಂಕದ ಲೆಕ್ಕ ತಲೆಯಲ್ಲಿರಲಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಟೇಸ್ಟರ್ ಸೆಷನ್, ಅಂದರೆ ಆಟದ ರುಚಿ ನೋಡುವ ತರಬೇತಿ, ಇರುತ್ತದೆ. ಇದಕ್ಕೆ ದುಡ್ಡಿಲ್ಲ, ಇದ್ದರೂ ಅತ್ಯಲ್ಪ. ಬರೀ ಟ್ರ್ಯಾಕ್ ಪ್ಯಾಂಟ್, ಬೂಟು ಹಾಕಿಕೊಂಡು ಹೋದರೆ ಸಾಕು. ಆಮೇಲೆ ಕೆಲವು ವಾರ ತಾಲೀಮು, ಚಳಿ ಶುರುವಾಗುವ ಹೊತ್ತಿಗೆ ಲೀಗ್, ಕ್ರಿಸ್‌ಮಸ್ ಬಿಡುವು, ಮತ್ತೆ ಫೆಬ್ರವರಿ ಮಾರ್ಚ್ ತನಕ ಪಂದ್ಯಗಳು. ಒಂದು ಸಾಲಿನಲ್ಲಿ ತಂಡಕ್ಕೆ ಸಿಗುವುದು ಹತ್ತಕ್ಕಿಂತ ಕಡಿಮೆ ಲೀಗ್ ಪಂದ್ಯ. ಹಾಗಾಗಿ ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು ಇವೆಲ್ಲ ಮುಗಿಯಲಿ, ನವೆಂಬರಿನಲ್ಲಿ ನೋಡೋಣ ಎಂದು ಕೂತರೆ ಆ ವರ್ಷ ಹೋದಂತೆಯೇ.

ಸೇರಬೇಕು ಎಂದು ತೀರ್ಮಾನಿಸಿದ ಮೇಲೆ ಖರ್ಚು ಬರುತ್ತದೆ. ವಿಶ್ವವಿದ್ಯಾಲಯದ ಕ್ರೀಡಾ ಸದಸ್ಯತ್ವ ಒಂದು, ಕ್ಲಬ್ಬಿನ ಸದಸ್ಯತ್ವ ಇನ್ನೊಂದು. ಎರಡೂ ಸೇರಿ ನೂರು ಪೌಂಡ್ ದಾಟುವುದು ಸಾಮಾನ್ಯ. ರೆಫರಿಗಳ ಸಂಭಾವನೆ, ಪಂದ್ಯದ ದಿನದ ವೈದ್ಯಕೀಯ ಸಿಬ್ಬಂದಿ, ದೂರದ ಊರಿಗೆ ಬಸ್ಸು, ಇವಕ್ಕೆಲ್ಲ ಈ ಹಣವೇ ಆಧಾರ. ಹೆಲ್ಮೆಟ್ ಮತ್ತು ಪ್ಯಾಡು ಕೊಂಡರೆ ನೂರಾರು ಪೌಂಡ್ ಆಗುತ್ತದೆ. ಹೆಚ್ಚಿನ ಕ್ಲಬ್ಬುಗಳು ಹೊಸಬರಿಗೆ ತಮ್ಮ ಸ್ಟೋರಿನಿಂದ ಎರವಲು ಕೊಡುತ್ತವೆ, ಆದ್ದರಿಂದ ಮೊದಲೇ ಕೊಳ್ಳಲು ಹೋಗಬೇಡಿ. ಮೌತ್‌ಗಾರ್ಡ್ ಮತ್ತು ಮುಳ್ಳು ಬೂಟು ಮಾತ್ರ ನಿಮ್ಮದೇ ಇರಬೇಕು. ಹಣ ಕಂತಿನಲ್ಲಿ ಕಟ್ಟಬಹುದೇ ಎಂದು ಖಜಾಂಚಿಯನ್ನು ಕೇಳಲು ಸಂಕೋಚ ಬೇಡ, ಅವನೂ ನಿಮ್ಮಂಥ ವಿದ್ಯಾರ್ಥಿಯೇ. ಅಧ್ಯಕ್ಷ, ಖಜಾಂಚಿ, ಸಾಮಾನಿನ ಉಸ್ತುವಾರಿ ಎಲ್ಲರೂ ವಿದ್ಯಾರ್ಥಿಗಳಿಂದಲೇ ಚುನಾಯಿತರು. ಕ್ಲಬ್ ನಡೆಸುವವರು ಇವರೇ. ಕೋಚ್‌ಗಳಲ್ಲಿ ಹೆಚ್ಚಿನವರು ಹಿಂದೆ ಆಡಿದವರು, ಸಂಬಳವಿಲ್ಲದೆ ಸಂಜೆ ಹೊತ್ತು ಬಂದು ಕಲಿಸುವವರು. ಅವರ ಈ ಶ್ರಮವೇ ಇಡೀ ಲೀಗಿನ ಬೆನ್ನೆಲುಬು ಎಂದರೆ ಅತಿಶಯೋಕ್ತಿಯಲ್ಲ.

'ನಾನು ಸಣಕಲ', 'ನಾನು ದಪ್ಪ' ಎರಡೂ ಇಲ್ಲಿ ನೆಪವಾಗುವುದಿಲ್ಲ. ಮೈದಾನದಲ್ಲಿ ಒಂದು ಕಡೆಗೆ ಹನ್ನೊಂದು ಜನ. ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು, ಚೆಂಡು ಒದೆಯುವ ಹೊತ್ತಿಗೆ ಮತ್ತೊಂದು. ಭಾರೀ ಮೈಯವರು ಮುಂದಿನ ಸಾಲಿನಲ್ಲಿ, ಅಂದರೆ ಲೈನ್‌ನಲ್ಲಿ, ನಿಲ್ಲುತ್ತಾರೆ, ಹಗುರ ಮೈಯ ಓಟಗಾರರು ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಅಥವಾ ಕಾರ್ನರ್‌ಬ್ಯಾಕ್ (ಅವನನ್ನು ತಡೆಯುವವನು) ಆಗುತ್ತಾರೆ. ಊರಲ್ಲಿ ಕಬಡ್ಡಿ ಆಡಿದವರಿಗೆ ಕಾಲಿನ ಚುರುಕು, ಹಿಡಿಯುವ ಧೈರ್ಯ ಇದ್ದೇ ಇರುತ್ತದೆ. ಆದರೆ ಹಿಡಿಯುವ ಕ್ರಮವನ್ನು ಹೊಸದಾಗಿ ಕಲಿಯಬೇಕು. ತಲೆ ಎತ್ತಿರಬೇಕು, ಎದುರಾಳಿಯ ಎದೆ ಕಣ್ಣಿಗೆ ಕಾಣುತ್ತಿರಬೇಕು, ತಾಗಬೇಕಾದ್ದು ಭುಜ. ತಲೆ ಬಗ್ಗಿಸಿ ನುಗ್ಗುವ ಅಭ್ಯಾಸವನ್ನು ಒಳ್ಳೆಯ ಕೋಚ್ ಮೊದಲ ದಿನವೇ ಬಿಡಿಸುತ್ತಾರೆ. ಪ್ಯಾಡು ಕೊಡುವ ಮುಂಚೆ ಮಂಡಿಯೂರಿ ನಿಧಾನವಾಗಿ ಈ ಹಿಡಿತವನ್ನು ಮತ್ತೆಮತ್ತೆ ಮಾಡಿಸುತ್ತಾರೆ. ಬೇಸರವಾದರೂ ಶ್ರದ್ಧೆಯಿಂದ ಮಾಡಿ, ಕತ್ತು ಉಳಿಸುವ ಪಾಠ ಅದು.

ನಿಯಮಗಳನ್ನು ಕೂತು ಓದುವುದಕ್ಕಿಂತ ಆಡುತ್ತ ಕಲಿಯುವುದು ಸುಲಭ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವ ಟಚ್‌ಡೌನಿಗೆ 6 ಅಂಕ, ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲಿಗೆ 3. ಟಿವಿಯಲ್ಲಿ ಎನ್‌ಎಫ್‌ಎಲ್ ನೋಡಿದವರಿಗೆ ಒಂದು ಎಚ್ಚರಿಕೆ: ಇಲ್ಲಿ ನಡೆಯುವುದು ಅಮೆರಿಕದ ಕಾಲೇಜು ನಿಯಮಗಳನ್ನು ಆಧರಿಸಿದ ಆಟ. ಚೆಂಡು ಹಿಡಿದಾಗ ಒಂದು ಕಾಲು ಗೆರೆಯ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಚೆಂಡು ಹಿಡಿದವನು ತಾನಾಗಿಯೇ ಜಾರಿ ಮಂಡಿ ನೆಲಕ್ಕೆ ತಾಗಿದರೂ ಆಟ ಅಲ್ಲಿಗೇ ನಿಲ್ಲುತ್ತದೆ.

ಭಾನುವಾರದ ಪಂದ್ಯ

ಬಕ್ಸ್‌ನ ಹೆಚ್ಚಿನ ಆಟಗಳು ಬುಧವಾರ ಮಧ್ಯಾಹ್ನ ನಡೆದರೆ ಅಮೆರಿಕನ್ ಫುಟ್‌ಬಾಲ್ ಮಾತ್ರ ಭಾನುವಾರ. ತರಗತಿ ತಪ್ಪುವುದಿಲ್ಲವೆಂಬುದು ಒಂದು ಅನುಕೂಲ. ಬೇರೆ ಊರಿನ ಪಂದ್ಯವಾದರೆ ಬೆಳಕು ಹರಿಯುವ ಮುಂಚೆ ಕ್ರೀಡಾ ಕೇಂದ್ರದ ಮುಂದೆ ಬಸ್ಸು ನಿಂತಿರುತ್ತದೆ. ಹೆಲ್ಮೆಟ್ ತುಂಬಿದ ಚೀಲಗಳನ್ನು ಎಲ್ಲರೂ ಸೇರಿ ಹೊರುತ್ತಾರೆ. ದಾರಿಯಲ್ಲಿ ಸಿಗುವುದು ಹೆದ್ದಾರಿ ಪಕ್ಕದ ಅಂಗಡಿಯ ಸ್ಯಾಂಡ್‌ವಿಚ್ಚು. ಸಸ್ಯಾಹಾರಿಗಳು ರಾತ್ರಿಯೇ ಚಪಾತಿ ಪಲ್ಯ ಸುತ್ತಿಟ್ಟುಕೊಂಡರೆ ಹೊಟ್ಟೆಗೂ ಜೇಬಿಗೂ ಹಿತ. ಮೈದಾನ ಬಹುಮಟ್ಟಿಗೆ ರಗ್ಬಿಯವರದ್ದು, ಅದರ ಗೆರೆಗಳ ಮೇಲೆಯೇ ಈ ಆಟದ ಗೆರೆ ಎಳೆದಿರುತ್ತಾರೆ. ಗೆರೆಯ ಅಂಚಿನಲ್ಲಿ ಎರಡು ಕೋಲು, ನಡುವೆ ಸರಿಯಾಗಿ ಹತ್ತು ಗಜದ ಸರಪಳಿ. ಅದನ್ನು ಹಿಡಿದು ಓಡಾಡುವ ಕೆಲಸ ಹಲವು ಕಡೆ ರೂಕಿಗಳ ಅಥವಾ ಗಾಯಗೊಂಡು ಹೊರಗಿರುವವರ ಪಾಲಿಗೆ ಬರುತ್ತದೆ. ಸಿಕ್ಕರೆ ಬಿಡಬೇಡಿ. ಪ್ರತಿ ಅವಕಾಶವೂ ಕಣ್ಣೆದುರೇ ನಡೆಯುತ್ತದೆ, ರೆಫರಿಯ ಮಾತು ಕಿವಿಗೆ ಬೀಳುತ್ತದೆ. ಅಷ್ಟು ಚೆನ್ನಾಗಿ ಆಟ ಅರ್ಥವಾಗುವ ಜಾಗ ಇನ್ನೊಂದಿಲ್ಲ. ಅಮೆರಿಕದ ಕಾಲೇಜು ಪಂದ್ಯಗಳ ಲಕ್ಷ ಜನರ ಕ್ರೀಡಾಂಗಣವನ್ನು ಇಲ್ಲಿ ನಿರೀಕ್ಷಿಸಬೇಡಿ. ನೋಡಲು ಬರುವವರು ಗೆಳೆಯರು, ಕೆಲವರ ಅಪ್ಪ ಅಮ್ಮ.

ಪಂದ್ಯದ ನಂತರ, ಮತ್ತು ಬುಧವಾರ ರಾತ್ರಿ, 'ಸೋಷಿಯಲ್', ಅಂದರೆ ತಂಡದವರ ಕೂಟ, ಇರುತ್ತದೆ. ಕುಡಿತ ಇದ್ದೇ ಇರುತ್ತದೆ. ಕುಡಿಯದವರು ನಿಂಬೆರಸದ ಸೋಡಾ ಹಿಡಿದು ಕೂತರೆ ಯಾರೂ ಬಲವಂತ ಮಾಡುವಂತಿಲ್ಲ. ಹೊಸಬರನ್ನು ಹಿಂಸಿಸುವ 'ಇನಿಶಿಯೇಷನ್'ಗಳನ್ನು ವಿಶ್ವವಿದ್ಯಾಲಯಗಳು ನಿಷೇಧಿಸಿವೆ. ಯಾರಾದರೂ ಹಾಗೆ ಮಾಡಿದರೆ ಸ್ಟೂಡೆಂಟ್ಸ್ ಯೂನಿಯನ್ನಿಗೆ ತಿಳಿಸಿ.

ವೀಸಾ ಮತ್ತು ಗಾಯ

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ. ಸ್ಟೂಡೆಂಟ್ ವೀಸಾದಲ್ಲಿ ಸೆಮಿಸ್ಟರ್ ನಡೆಯುತ್ತಿರುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಎಂಬುದು ಪದವಿ, ಎಂಎಸ್ಸಿ ಓದುವವರಿಗೆಲ್ಲ ಗೊತ್ತು. ಆದರೆ ವೃತ್ತಿಪರ ಕ್ರೀಡಾಪಟುವಾಗಿ ಅಥವಾ ಕ್ರೀಡಾ ಕೋಚ್ ಆಗಿ ದುಡಿಯುವುದಕ್ಕೆ ಆ 20 ಗಂಟೆಯ ಒಳಗೂ ಅವಕಾಶವಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹವ್ಯಾಸಿಯಾಗಿ ಆಡುವುದಕ್ಕೆ ಏನೂ ತೊಂದರೆಯಿಲ್ಲ. ಚೆನ್ನಾಗಿ ಆಡುವವರನ್ನು ಹೊರಗಿನ ಯಾವುದಾದರೂ ಕ್ಲಬ್ 'ಸ್ವಲ್ಪ ಖರ್ಚಿಗೆ ಕೊಡುತ್ತೇವೆ, ಶಾಲೆ ಮಕ್ಕಳಿಗೆ ಕಲಿಸಿ' ಎಂದು ಕರೆದರೆ, ಒಪ್ಪುವ ಮುಂಚೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗವನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಓದು ಮುಗಿದ ಮೇಲಿನ ಗ್ರಾಜುಯೇಟ್ ವೀಸಾದಲ್ಲೂ ವೃತ್ತಿಪರ ಕ್ರೀಡೆಗೆ ನಿರ್ಬಂಧವಿದೆ.

ಪೆಟ್ಟು ಬಿದ್ದರೆ ಚಿಕಿತ್ಸೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಆಗುತ್ತದೆ. ವೀಸಾ ಜೊತೆ ನೀವು ಕಟ್ಟಿದ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಇದಕ್ಕೇ. ಬಂದ ವಾರವೇ ಹತ್ತಿರದ ಜಿಪಿಯಲ್ಲಿ, ಅಂದರೆ ಸ್ಥಳೀಯ ವೈದ್ಯರ ಕ್ಲಿನಿಕ್ಕಿನಲ್ಲಿ, ಹೆಸರು ನೋಂದಾಯಿಸಿ. ಊರಿಂದ ಮಾಡಿಸಿಕೊಂಡು ಬಂದ ಪ್ರಯಾಣ ವಿಮೆಯನ್ನು ನಂಬಿಕೊಳ್ಳಬೇಡಿ, ಇಂಥ ಆಟಗಳನ್ನು ಹಲವು ಪಾಲಿಸಿಗಳು ಹೊರಗಿಟ್ಟಿರುತ್ತವೆ. ಕ್ಲಬ್ಬಿನ ಸದಸ್ಯತ್ವದಲ್ಲಿ ಯಾವ ವಿಮೆ ಸೇರಿದೆ ಎಂದು ಕೇಳಿ ತಿಳಿದುಕೊಳ್ಳಿ.

ತಲೆಗೆ ಪೆಟ್ಟಾದರೆ ಬ್ರಿಟನ್ ಸರ್ಕಾರ 2023ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: ಅನುಮಾನ ಬಂದರೂ ಆ ಕ್ಷಣವೇ ಹೊರಗೆ, ಅದೇ ದಿನ ಮತ್ತೆ ಆಡುವಂತಿಲ್ಲ, ಪಂದ್ಯಕ್ಕೆ ಮರಳುವುದು ಎಷ್ಟು ಬೇಗವೆಂದರೂ 21 ದಿನದ ನಂತರ. 'ಏನಿಲ್ಲ, ಸ್ವಲ್ಪ ತಲೆಸುತ್ತು' ಎಂದು ಮುಚ್ಚಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ತಂಡದವರಿಗೆ ಹೇಳಿ, ಜೊತೆಗಿರುವ ರೂಮ್‌ಮೇಟ್‌ಗೂ ಹೇಳಿ. ಅಸೈನ್‌ಮೆಂಟ್ ಕೊಡಲು ಆಗದಿದ್ದರೆ ವೈದ್ಯಕೀಯ ಪುರಾವೆ ಜೊತೆಗೆ ಗಡುವು ಮುಂದೂಡಲು ಅರ್ಜಿ ಹಾಕಬಹುದು, ಗಡುವು ಮುಗಿಯುವ ಮುಂಚೆಯೇ ಹಾಕಿ.

ಗುದ್ದಾಟ ಬೇಡ ಎನ್ನುವವರಿಗೆ

ಫ್ಲ್ಯಾಗ್ ಫುಟ್‌ಬಾಲ್ ಇದೆ. ಎದುರಾಳಿಯನ್ನು ಹಿಡಿದು ಕೆಡವುವ 'ಟ್ಯಾಕಲ್' ಬದಲು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಎಳೆದರೆ ಸಾಕು. ಹೆಲ್ಮೆಟ್, ಪ್ಯಾಡು ಏನೂ ಬೇಡ, ಖರ್ಚೂ ಕಡಿಮೆ. ಅನೇಕ ಕ್ಯಾಂಪಸ್ಸುಗಳಲ್ಲಿ ಹೆಣ್ಣುಮಕ್ಕಳು ಈ ಆಟಕ್ಕೆ ಬರುವುದು ಈ ದಾರಿಯಿಂದಲೇ. ಬ್ರಿಟನ್ನಿನ ಮಹಿಳಾ ತಂಡ 2023ರಲ್ಲಿ ಯುರೋಪಿಯನ್ ಚಾಂಪಿಯನ್ ಆಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಫ್ಲ್ಯಾಗ್ ಫುಟ್‌ಬಾಲ್ ಸೇರಿತು. ಆ ತೀರ್ಮಾನವಾದದ್ದು 2023ರ ಅಕ್ಟೋಬರಿನಲ್ಲಿ ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ. ಕ್ರಿಕೆಟ್ ಮರಳಿ ಬಂದದ್ದೂ ಅದೇ ಸಭೆಯಲ್ಲಿ, ನಮ್ಮಲ್ಲಿ ಸುದ್ದಿಯಾದದ್ದು ಅದೊಂದೇ.

ಜನವರಿಯಲ್ಲಿ ಕೋರ್ಸ್ ಶುರುವಾಗುವವರು ಬೇಸರಪಡಬೇಕಿಲ್ಲ. ಆಗಲೂ ಸಣ್ಣ ಮಟ್ಟದ ಫೇರ್ ಇರುತ್ತದೆ, ಅರ್ಧಕ್ಕೆ ಬಿಟ್ಟುಹೋದವರ ಜಾಗ ಖಾಲಿ ಇರುತ್ತದೆ. ವಿಶ್ವವಿದ್ಯಾಲಯದ ಸಾಲು ಮುಗಿದಮೇಲೆ ವಸಂತದಿಂದ ಬೇಸಿಗೆ ತನಕ ಊರಿನ ಹವ್ಯಾಸಿ ಕ್ಲಬ್ಬುಗಳ ಲೀಗ್ ನಡೆಯುತ್ತದೆ. ಲಂಡನ್ ವಾರಿಯರ್ಸ್, ಲಂಡನ್ ಬ್ಲಿಟ್ಜ್, ಮ್ಯಾಂಚೆಸ್ಟರ್ ಟೈಟನ್ಸ್ ಇಂಥವು. ಕ್ಯಾಂಪಸ್ಸಿನಲ್ಲಿ ಕಲಿತ ಎಷ್ಟೋ ಹುಡುಗರು ಬೇಸಿಗೆಯಲ್ಲಿ ಅಲ್ಲಿ ಆಡುತ್ತಾರೆ. ಎಂಎಸ್ಸಿಯವರಿಗೆ ಅದು ಡಿಸರ್ಟೇಷನ್ ಬರೆಯುವ ಕಾಲ, ಹಾಗಾಗಿ ಗೈಡ್ ಜೊತೆ ಮಾತಾಡಿ ವಾರದ ವೇಳೆ ಹೊಂದಿಸಿಕೊಂಡ ಮೇಲೆಯೇ ಅಲ್ಲಿಗೆ ಹೆಸರು ಕೊಡಿ.